ಮೊದಲ ಸಾಕ್ಷಿ ಮಾತು ಬದಲಿಸಿದ ದಿನ: ಲುಬಾಂಗಾ ಮೊಕದ್ದಮೆ ಮತ್ತು ಸಾಕ್ಷಿ ಸಿದ್ಧತೆ

2009ರ ಜನವರಿ 28. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ (ಮುಂದೆ ಐಸಿಸಿ) ಮೊಟ್ಟಮೊದಲ ವಿಚಾರಣೆ ಶುರುವಾಗಿ ಎರಡು ದಿನವಾಗಿತ್ತು. ಅಂದು ಮೊದಲ ಸಾಕ್ಷಿ ಕಟಕಟೆಗೆ ಬಂದ. ಕಾಂಗೋ ದೇಶದ ಇತುರಿ ಪ್ರಾಂತ್ಯದ ಯುವಕ. ಸಾರ್ವಜನಿಕರಿಗೆ ಅವನ ಮುಖ ಕಾಣದಂತೆ, ದನಿ ಗುರುತು ಸಿಗದಂತೆ ಏರ್ಪಾಡಾಗಿತ್ತು. ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಆರೋಪಿ ಥಾಮಸ್ ಲುಬಾಂಗಾನ ಯುಪಿಸಿ ಎಂಬ ಸಶಸ್ತ್ರ ಪಡೆಯವರು ತನ್ನನ್ನೂ ಗೆಳೆಯರನ್ನೂ ಹಿಡಿದುಕೊಂಡು ಹೋದರು ಎಂದು ಹೇಳಿದ. ಅದೇ ದಿನ ಕಲಾಪ ಮುಗಿಯುವುದರೊಳಗೆ ಆ ಮಾತನ್ನು ತಾನೇ ಅಳಿಸಿಹಾಕಿದ. ಬೆಳಿಗ್ಗೆ ಹೇಳಿದ್ದು ತನ್ನ ಮಾತಲ್ಲ, ಬೇರೆಯವರು ಹೇಳಿಕೊಟ್ಟದ್ದು, ನಿಜ ಹೇಳುವುದಾಗಿ ಪ್ರಮಾಣ ಮಾಡಿರುವುದರಿಂದ ಈಗ ಹೇಳುತ್ತಿದ್ದೇನೆ ಎಂದ.

ಪೀಠ ವಿಚಾರಣೆಯನ್ನು ನಿಲ್ಲಿಸಿತು. ಫೆಬ್ರವರಿ 10ರಂದು ಅವನೇ ಮತ್ತೆ ಬಂದು ಮೊದಲಿನ ಕಥೆಗೇ ಮರಳಿದ. ಮೂರು ವರ್ಷಗಳ ನಂತರ, 2012ರ ಮಾರ್ಚ್ 14ರ ತೀರ್ಪಿನಲ್ಲಿ ನ್ಯಾಯಾಧೀಶರು ಈ ಸಾಕ್ಷಿಯ ಮಾತನ್ನು ಆಧಾರವಾಗಿ ಬಳಸಲೇ ಇಲ್ಲ.

ಈ ಘಟನೆ ನೆನಪಾದಾಗಲೆಲ್ಲ ಕೇಳಿಬರುವುದು ಎರಡು ವಿವರಣೆ. ವಕೀಲರು ಸಾಕ್ಷಿಯನ್ನು ಸರಿಯಾಗಿ ಸಿದ್ಧಪಡಿಸಿರಲಿಲ್ಲ ಎನ್ನುವುದು ಒಂದು. ಯಾರೋ ಅತಿಯಾಗಿ ಸಿದ್ಧಪಡಿಸಿದ್ದರು ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯವಿದೆ, ಆದರೆ ಎರಡೂ ಒಂದೇ ಕೋಣೆಯಲ್ಲಿ ನಡೆದದ್ದಲ್ಲ. ನ್ಯಾಯಾಲಯ ಹೇಗ್‌ನಲ್ಲಿ ಒಂದು ಬಾಗಿಲನ್ನು ಭದ್ರವಾಗಿ ಮುಚ್ಚಿತ್ತು. ಇತುರಿಯ ಬಾಗಿಲು ವರ್ಷಗಳಿಂದ ತೆರೆದೇ ಇತ್ತು.

ಮುಚ್ಚಿದ ಬಾಗಿಲು

ಐಸಿಸಿಗಿಂತ ಮೊದಲೇ ಇದ್ದ ಯುಗೋಸ್ಲಾವಿಯಾ ಮತ್ತು ರುವಾಂಡಾ ಯುದ್ಧಾಪರಾಧ ನ್ಯಾಯಮಂಡಳಿಗಳಲ್ಲಿ ಸಾಕ್ಷಿಯನ್ನು ಕರೆಸುವ ವಕೀಲ, ಸಾಕ್ಷ್ಯ ನುಡಿಯುವ ಒಂದೆರಡು ದಿನ ಮೊದಲು ಅವನೊಂದಿಗೆ ಕೂತು ಹಳೆಯ ಹೇಳಿಕೆಯನ್ನು ಪರಿಶೀಲಿಸುವುದು ದಿನನಿತ್ಯದ ಪದ್ಧತಿಯಾಗಿತ್ತು. ಅದಕ್ಕೆ ಅಲ್ಲಿ ಪ್ರೂಫಿಂಗ್ ಎಂದೇ ಹೆಸರು. ಹೊಸ ಸಂಗತಿ ಹೊರಬಿದ್ದರೆ ಒಂದು ಟಿಪ್ಪಣಿ ಬರೆದು ಎದುರು ಪಕ್ಷಕ್ಕೆ ಕೊಡುತ್ತಿದ್ದರು. ಯುಗೋಸ್ಲಾವಿಯಾ ಮಂಡಳಿಯ ಲಿಮಾಯ್ ಪ್ರಕರಣದಲ್ಲಿ, 2004ರ ಡಿಸೆಂಬರ್‌ನಲ್ಲಿ, ಆರೋಪಿಗಳ ವಕೀಲರು ಈ ಪದ್ಧತಿಯನ್ನು ಪ್ರಶ್ನಿಸಿದಾಗಲೂ ಪೀಠ ಅದನ್ನು ಎತ್ತಿಹಿಡಿದಿತ್ತು.

ಐಸಿಸಿಯ ಅಭಿಯೋಜಕರು, ಅಂದರೆ ಆರೋಪ ಹೊರಿಸುವ ಪಕ್ಷದ ವಕೀಲರು, ಅದನ್ನೇ ಮುಂದುವರಿಸಲು ಹೊರಟರು. ಅವರ ಪಟ್ಟಿಯಲ್ಲಿ ಮೂರು ಕೆಲಸಗಳಿದ್ದವು: ನೆನಪು ಹಸಿರಾಗಲು ಸಾಕ್ಷಿಗೆ ಹಳೆಯ ಹೇಳಿಕೆ ಓದಲು ಕೊಡುವುದು, ನ್ಯಾಯಾಲಯದಲ್ಲಿ ಕೇಳಬೇಕೆಂದಿರುವ ಪ್ರಶ್ನೆಗಳನ್ನೇ, ಅದೇ ಕ್ರಮದಲ್ಲಿ, ಮೊದಲೇ ಕೇಳುವುದು, ಆರೋಪಕ್ಕೆ ಪೂರಕವಾದ ಅಥವಾ ಆರೋಪಿಗೆ ಅನುಕೂಲವಾದ ಹೊಸ ವಿವರ ಇದೆಯೇ ಎಂದು ವಿಚಾರಿಸುವುದು. 2006ರ ನವೆಂಬರ್ 8ರಂದು, ಆರೋಪ ದೃಢೀಕರಣದ ಕಲಾಪಕ್ಕೆ ಒಂದು ದಿನ ಇರುವಾಗ, ಪೂರ್ವ ವಿಚಾರಣಾ ಪೀಠ ಇದಕ್ಕೆ ತಡೆ ಹಾಕಿತು. ನ್ಯಾಯಾಲಯದ ಪರಿಚಯ ಮಾಡಿಸುವುದು ಬೇರೆ, ಸಾಕ್ಷ್ಯದ ಒಳಹೂರಣವನ್ನು ಮುಟ್ಟುವುದು ಬೇರೆ. ಮೊದಲನೆಯದು ಕಡ್ಡಾಯ, ಎರಡನೆಯದಕ್ಕೆ ಐಸಿಸಿಯ ಮೂಲ ಕಾನೂನಾದ ರೋಮ್ ಶಾಸನದಲ್ಲಿ ಆಧಾರವೇ ಇಲ್ಲ ಎಂದಿತು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಮೊಮೊಡು ಪ್ರಕರಣದಲ್ಲಿ ಪರಿಚಯಕ್ಕೂ ತಾಲೀಮಿಗೂ ನಡುವೆ ಎಳೆದಿದ್ದ ಗೆರೆಯನ್ನೂ ನೆನಪಿಸಿತು. ಆ ತೀರ್ಪನ್ನು ತಮ್ಮ ಬೆಂಬಲಕ್ಕೆಂದು ತಂದವರು ಅಭಿಯೋಜಕರೇ! ಅದು ಅವರಿಗೇ ತಿರುಗುಬಾಣವಾಯಿತು.

2007ರ ನವೆಂಬರ್ 30ರಂದು ವಿಚಾರಣಾ ಪೀಠವೂ ಅದೇ ನಿಲುವು ತಾಳಿತು. ಪ್ರಶ್ನೆಗಳನ್ನು ಮೊದಲೇ ಕೇಳಿಬಿಟ್ಟರೆ ಅದು ತಾಲೀಮಿನ ಹತ್ತಿರಕ್ಕೆ ಬರುತ್ತದೆ, ಸಾಕ್ಷಿಯ ಸಹಜತೆ ಕುಗ್ಗುತ್ತದೆ ಎಂಬುದು ಅದರ ಆತಂಕ. ಉಳಿದದ್ದು ಇಷ್ಟು: ಸಾಕ್ಷಿಗಳ ವಿಭಾಗ, ಅಂದರೆ ಯಾವ ಪಕ್ಷಕ್ಕೂ ಸೇರದ ರಿಜಿಸ್ಟ್ರಿಯ (ನ್ಯಾಯಾಲಯದ ಆಡಳಿತ ಕಚೇರಿಯ) ಸಿಬ್ಬಂದಿ, ಸಾಕ್ಷಿಗೆ ನ್ಯಾಯಾಲಯದ ಕೋಣೆ ತೋರಿಸಬೇಕು, ಯಾರು ಎಲ್ಲಿ ಕೂರುತ್ತಾರೆ, ಯಾರು ಯಾವಾಗ ಪ್ರಶ್ನೆ ಕೇಳುತ್ತಾರೆ ಎಂದು ತಿಳಿಸಬೇಕು, ರಕ್ಷಣಾ ಕ್ರಮಗಳ ಬಗ್ಗೆ ಮಾತಾಡಬೇಕು. ಹಳೆಯ ಹೇಳಿಕೆಯನ್ನು ಓದಿಕೊಳ್ಳಲು ಅವಕಾಶ ಉಂಟು, ಏಕೆಂದರೆ ಹೇಳಿಕೆ ಕೊಟ್ಟು ವರ್ಷಗಳೇ ಕಳೆದಿದ್ದವು. ಪ್ರಶ್ನೆ ಕೇಳಲಿರುವ ವಕೀಲರನ್ನು ಸಾಕ್ಷಿಗೆ ಪರಿಚಯಿಸಬಹುದು, ಆದರೆ ಪ್ರಕರಣದ ಬಗ್ಗೆ ಒಂದು ಮಾತೂ ಆಡುವಂತಿಲ್ಲ.

ಕಾಗದದ ಮೇಲೆ ಇದು ಶುದ್ಧವಾದ ವ್ಯವಸ್ಥೆ. ಆಚರಣೆಯಲ್ಲಿ ಅದರ ಅರ್ಥ ಇನ್ನೊಂದು. ಹೇಳಿಕೆಯನ್ನು ಓದಿದ ಸಾಕ್ಷಿಗೆ 'ಇದು ನಾನು ಹೇಳಿದ್ದಲ್ಲ' ಅನಿಸಿದರೆ, ಅದನ್ನು ಹೇಳಿಕೊಳ್ಳಲು ಅಧಿಕೃತ ಜಾಗವೇ ಇಲ್ಲ. ಎದುರಿಗಿರುವ ಸಿಬ್ಬಂದಿಗೆ ಪ್ರಕರಣದ ವಿಷಯ ಕೇಳಿಸಿಕೊಳ್ಳುವ ಅಧಿಕಾರವಿಲ್ಲ. ವಕೀಲರಿಗೆ ಪ್ರಕರಣದ ಮಾತಾಡುವ ಅವಕಾಶವೇ ಇಲ್ಲ. ಉಳಿಯುವುದು ಒಂದೇ ಜಾಗ: ಮೂವರು ನ್ಯಾಯಾಧೀಶರು, ಆರೋಪಿ, ದುಭಾಷಿಗಳು, ಕ್ಯಾಮೆರಾಗಳ ನಡುವಿನ ಕಟಕಟೆ.

ತೆರೆದೇ ಇದ್ದ ಬಾಗಿಲು

ಲುಬಾಂಗಾನ ಮೇಲಿನ ಆರೋಪ 15 ವರ್ಷದೊಳಗಿನ ಮಕ್ಕಳನ್ನು ಪಡೆಗೆ ಸೇರಿಸಿಕೊಂಡು ಯುದ್ಧದಲ್ಲಿ ತೊಡಗಿಸಿದ್ದು. ಆರೋಪದ ಅವಧಿ 2002ರ ಸೆಪ್ಟೆಂಬರ್‌ನಿಂದ 2003ರ ಆಗಸ್ಟ್ 13ರವರೆಗೆ. ತನಿಖಾಧಿಕಾರಿಗಳು ಇತುರಿಗೆ ಹೋದ ಕಾಲದಲ್ಲಿ ಅಲ್ಲಿ ಓಡಾಡುವುದೇ ಅಪಾಯ. ವಿದೇಶಿ ಮುಖಗಳು ಒಂದು ಮನೆಗೆ ಹೋದವೆಂದರೆ ಆ ಮನೆಯವರ ಜೀವಕ್ಕೇ ಕುತ್ತು. ಹಾಗಾಗಿ ಸ್ಥಳೀಯ ಮಧ್ಯವರ್ತಿಗಳ ಮೂಲಕ ಸಾಕ್ಷಿಗಳನ್ನು ಹುಡುಕಿದರು, ಅವರ ಮೂಲಕವೇ ಸಂಪರ್ಕ ಇಟ್ಟುಕೊಂಡರು.

ಹುಡುಕಿ ತರುವವನೇ ಮೊದಲ ಶ್ರೋತೃ. ಯಾವ ಬಗೆಯ ಕಥೆ ಬೇಕಾಗಿದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಬಡತನದ ನಾಡಿನಲ್ಲಿ ಪ್ರಯಾಣದ ವೆಚ್ಚ, ಊರು ಬದಲಿಸುವ ಸಹಾಯ, ರಕ್ಷಣೆಯ ಭರವಸೆ ಇವೆಲ್ಲ ಸಣ್ಣ ಆಕರ್ಷಣೆಗಳಲ್ಲ. ತನಿಖಾಧಿಕಾರಿ ಮೊದಲ ಪ್ರಶ್ನೆ ಕೇಳುವ ಹೊತ್ತಿಗೆ ಸಾಕ್ಷಿ ಆ ಕಥೆಯನ್ನು ಈಗಾಗಲೇ ಎಷ್ಟು ಸಲ, ಯಾರ ಮುಂದೆ ಹೇಳಿದ್ದಾನೆ, ಅವರು ಎಲ್ಲಿ ತಿದ್ದಿದ್ದಾರೆ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಇದೇ ವಿಚಾರಣೆಯಲ್ಲಿ ಮುಂದೆ ಇನ್ನೊಬ್ಬ ಅಭಿಯೋಜನಾ ಸಾಕ್ಷಿಯೂ ಮಧ್ಯವರ್ತಿಯೊಬ್ಬ ಹೇಳಿಕೊಟ್ಟಂತೆ ತನಿಖೆಯವರಿಗೆ ಸುಳ್ಳು ಹೇಳಿದ್ದಾಗಿ ತಿಳಿಸಿದ.

ತೀರ್ಪಿನ ಲೆಕ್ಕ ಕಠೋರವಾಗಿದೆ. 204 ದಿನಗಳ ಕಲಾಪ, 67 ಸಾಕ್ಷಿಗಳು. ಬಾಲಸೈನಿಕರಾಗಿದ್ದೆವೆಂದು ಹೇಳಿದ ಅಭಿಯೋಜನೆಯ ಸಾಕ್ಷಿಗಳಲ್ಲಿ ಒಂಬತ್ತು ಮಂದಿಯ ಸಾಕ್ಷ್ಯವನ್ನು ಆ ವಿಷಯದಲ್ಲಿ ನೆಚ್ಚಲಾಗದು ಎಂದು ಪೀಠ ಬದಿಗಿಟ್ಟಿತು. ಮೂವರು ಪ್ರಮುಖ ಮಧ್ಯವರ್ತಿಗಳು ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡಿದ್ದಾರೆ, ತನಿಖೆಯ ಹೊಣೆಯನ್ನು ಅವರಿಗೆ ಒಪ್ಪಿಸಬಾರದಿತ್ತು ಎಂದಿತು. ಲುಬಾಂಗಾ ಅಪರಾಧಿ ಎಂದು ತೀರ್ಮಾನವಾದದ್ದು ಉಳಿದ ಸಾಕ್ಷಿಗಳ ಮಾತಿನಿಂದ, ಜೊತೆಗೆ ಪಡೆಯ ನಡುವೆ ಎಳೆಯ ಹುಡುಗರು ಕಾಣಿಸುವ ವಿಡಿಯೊಗಳಿಂದ. ಶಿಕ್ಷೆ 14 ವರ್ಷ.

ಗಮನಿಸಬೇಕಾದದ್ದು: ಒಂಬತ್ತೂ ಮಂದಿಯೂ ಪ್ರೂಫಿಂಗ್ ಇಲ್ಲದೆಯೇ ಬಂದವರು. ನಿಷೇಧ ಅಕ್ಷರಶಃ ಪಾಲನೆಯಾಗಿತ್ತು. ಅದು ತಡೆಯಬೇಕೆಂದಿದ್ದ ರೋಗ ಅಷ್ಟರಲ್ಲಿ ಬೇರೆ ದಾರಿಯಿಂದ ಒಳಗೆ ಬಂದು ಕೂತಿತ್ತು.

ಕಟಕಟೆಯಲ್ಲಿ ಏನಾಯಿತು

ಜನವರಿ 28ರ ಕುಸಿತಕ್ಕೆ ಮಧ್ಯವರ್ತಿಗಳಷ್ಟೇ ಕಾರಣ ಎಂದರೆ ಅರ್ಧ ಮಾತಾಯಿತು. ಹೀಗಾಗಿದ್ದರೆ ಫೆಬ್ರವರಿ 10ರಂದು ಅವನು ಮೊದಲ ಕಥೆಗೆ ಮರಳುತ್ತಿರಲಿಲ್ಲ. ನಡುವಿನ ಹದಿಮೂರು ದಿನಗಳಲ್ಲಿ ಪೀಠ ಬದಲಿಸಿದ್ದು ಸುತ್ತಲಿನ ಪರಿಸ್ಥಿತಿಯನ್ನು. ಆರೋಪಿಯ ಮುಖ ಸಾಕ್ಷಿಗೆ ಕಾಣದಂತೆ ಮಾಡಿದರು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವ ಬದಲು, ನಡೆದದ್ದನ್ನು ತನ್ನದೇ ಓಟದಲ್ಲಿ ಹೇಳಲು ಬಿಟ್ಟರು.

ಈ ಎರಡು ಬದಲಾವಣೆಗಳ ತೂಕ ಹೊರಗಿನವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಸಾರ್ವಜನಿಕರಿಂದ ಮುಖ ಮರೆಮಾಡುವ ಕ್ರಮ ಸಾಕ್ಷಿಯನ್ನು ಊರಿನವರಿಂದ ಕಾಯುತ್ತದೆ, ಆರೋಪಿಯಿಂದ ಅಲ್ಲ. ಕೋಣೆಯೊಳಗೆ ಆರೋಪಿ ಕೆಲವೇ ಮೀಟರ್ ದೂರದಲ್ಲಿ ಕೂತು ನೇರವಾಗಿ ನೋಡುತ್ತಿರುತ್ತಾನೆ. ರಕ್ಷಣಾ ಕ್ರಮವಿದೆ ಎಂದು ಕೇಳಿದ ಸಾಕ್ಷಿ ಎರಡೂ ಸೇರಿವೆ ಎಂದುಕೊಂಡು ಬಂದಿರುತ್ತಾನೆ. ಹಾಗಾಗಿ ಖಾಲಿ ಕೋಣೆಯ ಭೇಟಿ ಸಾಲದು. ಸಾಕ್ಷಿಯನ್ನು ಅವನ ಕುರ್ಚಿಯಲ್ಲೇ ಕೂರಿಸಿ, 'ಅಲ್ಲಿ, ಆ ಸಾಲಿನ ಹಿಂದೆ, ಅವನು ಕೂತಿರುತ್ತಾನೆ. ನೀವು ಅವನಿಗೆ ಕಾಣುತ್ತೀರಿ. ಪರದೆ ಬೇಕೇ?' ಎಂದು ಬಾಯಿಬಿಟ್ಟು ಕೇಳಬೇಕು. ಬೇಕೆಂದರೆ ಐಸಿಸಿಯ ಕಾರ್ಯವಿಧಾನ ನಿಯಮಾವಳಿಯ 87 ಮತ್ತು 88ನೇ ನಿಯಮಗಳಡಿ ಪೀಠಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಎದುರು ಪಕ್ಷದ ಉತ್ತರ ಬರಬೇಕು. ಹಿಂದಿನ ಸಂಜೆ ನೆನಪಾದರೆ ತಡವಾಯಿತು.

ಇನ್ನೊಂದು ಮುಳ್ಳು 74ನೇ ನಿಯಮ. ಸಾಕ್ಷಿಯ ಉತ್ತರ ಅವನನ್ನೇ ಅಪರಾಧಕ್ಕೆ ಸಿಲುಕಿಸುವಂತಿದ್ದರೆ ಅವನಿಗೆ ಮೊದಲೇ ತಿಳಿಸಬೇಕು, ಬೇಕಾದಲ್ಲಿ ಸ್ವತಂತ್ರ ವಕೀಲರ ಸಲಹೆ ಕೊಡಿಸಬೇಕು, ನ್ಯಾಯಾಲಯ ಭರವಸೆಯನ್ನೂ ಕೊಡಬಹುದು. ಬಂದೂಕು ಹಿಡಿದಿದ್ದೆ ಎಂದು ಹೇಳಬೇಕಾದ ಹುಡುಗನಿಗೆ ಇದು ಔಪಚಾರಿಕ ಮಾತಲ್ಲ. ಸಾಕ್ಷ್ಯದ ನಡುವೆ ಮೊದಲ ಸಲ ಈ ಎಚ್ಚರಿಕೆ ಕಿವಿಗೆ ಬಿದ್ದರೆ ಅವನಿಗೆ ಕೇಳಿಸುವುದು 'ನಿಜ ಹೇಳಿದರೆ ನನ್ನನ್ನೇ ಹಿಡಿಯುತ್ತಾರೆ' ಎಂದು. ಸ್ವತಂತ್ರ ವಕೀಲರ ಭೇಟಿ ಪ್ರಮಾಣವಚನಕ್ಕಿಂತ ಕನಿಷ್ಠ ಎರಡು ದಿನ ಮುಂಚೆ ಮುಗಿದಿರಬೇಕು ಎಂಬುದು ನಮ್ಮ ಲೆಕ್ಕ.

ಮತ್ತೆ ತೆರೆದಾಗ ಬಂದ ಷರತ್ತುಗಳು

ನಾಲ್ಕು ವರ್ಷಗಳ ನಂತರ, 2013ರ ಜನವರಿ 2ರಂದು, ಕೀನ್ಯಾದ ಎರಡು ಪ್ರಕರಣಗಳಲ್ಲಿ ಐದನೇ ವಿಚಾರಣಾ ಪೀಠ ಲುಬಾಂಗಾ ನಿಲುವಿನಿಂದ ದೂರ ಸರಿದು ಸಿದ್ಧತಾ ಭೇಟಿಗೆ ಅನುಮತಿ ಕೊಟ್ಟಿತು, ಜೊತೆಗೆ ಒಂದು ವಿಧಿವಿಧಾನವನ್ನೂ ಹೊರಡಿಸಿತು. ಆ ಬಳಿಕ ಎಂಟಗಾಂಡಾ ಪ್ರಕರಣದ ಪೀಠ ಒಪ್ಪಿತು. ಬಾಗ್ಬೊ ಮತ್ತು ಓಂಗ್ವೆನ್ ಪ್ರಕರಣಗಳ ಪೀಠಗಳು ಒಪ್ಪಲಿಲ್ಲ. ಒಂದೇ ಕಟ್ಟಡ, ಒಂದೇ ಶಾಸನ; ಸಾಕ್ಷಿಯ ಹತ್ತಿರ ಮಾತಾಡಬಹುದೇ ಎಂಬುದಕ್ಕೆ ಉತ್ತರ ಮಾತ್ರ ಯಾವ ಪೀಠದ ಮುಂದೆ ನಿಂತಿದ್ದೀರಿ ಎಂಬುದರ ಮೇಲೆ. ಪ್ರಕರಣಕ್ಕೆ ಇಳಿಯುವ ವಕೀಲ ಮೊದಲು ನೋಡಬೇಕಾದ ಆದೇಶ ಇದೇ.

ಕೀನ್ಯಾ ವಿಧಾನದ ತಿರುಳು ಹೀಗಿದೆ. ಭೇಟಿ ನಡೆಸುವವರು ಸಾಕ್ಷಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಿರುವ ವಕೀಲರೇ. ಸಾಧ್ಯವಾದಷ್ಟು ನ್ಯಾಯಾಲಯ ಇರುವ ಊರಿನಲ್ಲೇ ಭೇಟಿ, ಸಾಕ್ಷ್ಯಕ್ಕೆ ಕನಿಷ್ಠ 24 ಗಂಟೆ ಮೊದಲು ಅದು ಮುಗಿದಿರಬೇಕು. ಇಡೀ ಭೇಟಿಯ ವಿಡಿಯೊ ದಾಖಲೆ ಆಗಬೇಕು. ಹಾಜರಿದ್ದವರು, ಜಾಗ, ದಿನಾಂಕ, ಹೊತ್ತು, ಅವಧಿ ಇವನ್ನು ಬರೆದಿಡಬೇಕು. ಹಳೆಯ ಹೇಳಿಕೆ ಓದಿಸಿ ತಪ್ಪು ಒಪ್ಪು ಕೇಳಬಹುದು, ದಾಖಲೆ ಮತ್ತು ಚಿತ್ರ ತೋರಿಸಿ ಗುರುತು ಹಿಡಿಯುತ್ತೀರಾ ಎನ್ನಬಹುದು, ಮುಖ್ಯ ವಿಚಾರಣೆಯಲ್ಲೂ ಪಾಟೀ ಸವಾಲಿನಲ್ಲೂ ಬರಬಹುದಾದ ವಿಷಯಗಳನ್ನು ತಿಳಿಸಬಹುದು. ಉತ್ತರವನ್ನು ತಿದ್ದುವಂತಿಲ್ಲ, ಪ್ರಶ್ನೋತ್ತರದ ತಾಲೀಮು ಮಾಡಿಸುವಂತಿಲ್ಲ, ಬೇರೆ ಸಾಕ್ಷಿ ಏನು ಹೇಳಿದ ಎಂದು ತಿಳಿಸುವಂತಿಲ್ಲ.

ಈ ಪಟ್ಟಿಯನ್ನು ಕೆಲಸಕ್ಕೆ ಇಳಿಸುವಾಗ ಎಡವುವುದು ದೊಡ್ಡ ತತ್ವಗಳಲ್ಲಿ ಅಲ್ಲ, ಸಣ್ಣ ವಿಷಯಗಳಲ್ಲಿ. ಮೊದಲನೆಯದು ಸಮಯ. ಹೇಳಿಕೆ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿರುತ್ತದೆ, ಸಾಕ್ಷಿ ಮಾತಾಡುವುದು ಸ್ವಾಹಿಲಿ. ಹಲವರಿಗೆ ಓದು ಬಾರದು. ದುಭಾಷಿ ಬಾಯಲ್ಲಿ ಅನುವಾದಿಸಿ ಓದಿಹೇಳಲು ಪುಟಕ್ಕೆ ನಾಲ್ಕೈದು ನಿಮಿಷ ಬೇಕು. 40 ಪುಟದ ಹೇಳಿಕೆ ಎಂದರೆ ಸುಮಾರು ಮೂರು ಗಂಟೆ, ಅದೂ ಸಾಕ್ಷಿ ಒಮ್ಮೆಯೂ ತಡೆಯದಿದ್ದರೆ. ತಡೆಯದೆ ಕೇಳಿಸಿಕೊಂಡವನ ಬಗ್ಗೆಯೇ ಹೆಚ್ಚು ಅನುಮಾನ ಇರಬೇಕು: ಒಂದೋ ಅವನಿಗೆ ಸುಸ್ತಾಗಿದೆ, ಇಲ್ಲವೇ ದೊಡ್ಡವರ ಕಾಗದವನ್ನು ತಿದ್ದುವ ಹಕ್ಕು ತನಗಿದೆ ಎಂದು ಅವನಿಗೆ ಗೊತ್ತಿಲ್ಲ. ಓದು ಮತ್ತು ಚರ್ಚೆಯನ್ನು ಬೇರೆ ಬೇರೆ ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು ದುಭಾಷಿ. ಹೇಳಿಕೆ ತೆಗೆದುಕೊಂಡಾಗ ಇದ್ದವರೇ ಈಗಲೂ ಬಂದರೆ ಅಂದಿನ ತಪ್ಪು ಇಂದೂ ಹಾಗೇ ಉಳಿಯುತ್ತದೆ. ಇತುರಿಯಲ್ಲಿ ಪಡೆಯ ಎಳೆಯರನ್ನು ಕಡೋಗೊ ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಅದರ ಅರ್ಥ ಸಣ್ಣವ ಎಂದಷ್ಟೇ. ಅದನ್ನು ನೇರವಾಗಿ 'ಬಾಲಸೈನಿಕ' ಎಂದು ಬರೆದುಬಿಟ್ಟರೆ, ಸಾಕ್ಷಿ ಹೇಳದ ವಯಸ್ಸೂ ಪಾತ್ರವೂ ಕಾಗದಕ್ಕೆ ಸೇರಿಬಿಡುತ್ತವೆ. ಪಾಟೀ ಸವಾಲಿನಲ್ಲಿ ಅವನು ನಿಜವನ್ನೇ ಹೇಳಿದರೂ ಮಾತು ಬದಲಿಸಿದಂತೆ ಕಾಣುತ್ತದೆ.

ಮೂರನೆಯದು ದಿನಾಂಕ. ಜನನ ಪ್ರಮಾಣಪತ್ರ ಇಲ್ಲದವನಿಗೆ 'ಆಗ ನಿನಗೆ ಎಷ್ಟು ವರ್ಷ, ಯಾವ ತಿಂಗಳು' ಎಂದರೆ ಅವನು ನಿಮಗೆ ಬೇಕಾದ ಅಂಕಿಯನ್ನು ಹುಡುಕುತ್ತಾನೆ. 'ಉಗಾಂಡಾದ ಸೈನ್ಯ ಬುನಿಯಾದಿಂದ (ಇತುರಿಯ ಮುಖ್ಯ ಪಟ್ಟಣ) ಯುಪಿಸಿಯನ್ನು ಓಡಿಸಿದ್ದಕ್ಕಿಂತ ಮೊದಲೋ ಆಮೇಲೋ' ಎಂದು ಕೇಳಿದರೆ ಅವನದೇ ನೆನಪು ಸಿಗುತ್ತದೆ, ಅದು 2003ರ ಮಾರ್ಚ್ 6 ಎಂಬ ದಿನಾಂಕಕ್ಕೆ ತಾನಾಗಿ ತಗಲಿಕೊಳ್ಳುತ್ತದೆ. ಆದರೆ ಆ ದಿನಾಂಕವನ್ನು ಅವನ ಬಾಯಿಗೆ ಇಡಬಾರದು. ನೆನಪು ಅವನದು, ಕ್ಯಾಲೆಂಡರ್ ವಕೀಲರದು. ಈ ಎರಡನ್ನು ಬೆರೆಸಿದ ಸಾಕ್ಷಿ ಕಟಕಟೆಯಲ್ಲಿ ಗಿಳಿಪಾಠ ಒಪ್ಪಿಸಿದಂತೆ ಕೇಳಿಸುತ್ತಾನೆ, ಅನುಭವಿ ಪ್ರತಿವಾದಿ ವಕೀಲ ಎರಡೇ ಪ್ರಶ್ನೆಯಲ್ಲಿ ಅದನ್ನು ಬಯಲಿಗೆಳೆಯುತ್ತಾನೆ.

ಮಾತಿನ ವೇಗ, ಹೆಡ್‌ಫೋನ್, ಪ್ರಶ್ನೆಗೂ ಉತ್ತರಕ್ಕೂ ನಡುವೆ ಕೆಲವು ಸೆಕೆಂಡು ಬಿಡುವುದು ಇವನ್ನೆಲ್ಲ ಬೇಕಾದಷ್ಟು ಅಭ್ಯಾಸ ಮಾಡಿಸಬಹುದು. ಅದಕ್ಕೆ ಪ್ರಕರಣದ ವಿಷಯ ಬೇಡ. ಬೆಳಿಗ್ಗೆ ಹವಾಮಾನ ಹೇಗಿತ್ತು ಎಂದು ಕೇಳಿದರೂ ಸಾಕು.

ಮಿತಿ ಮೀರಿದಾಗ, ಮಿತಿ ಸಾಲದಾದಾಗ

ಗೆರೆಯ ಆಚೆ ಏನಿದೆ ಎಂಬುದಕ್ಕೆ ಬೆಂಬಾ ಮತ್ತು ಇತರ ನಾಲ್ವರ ಪ್ರಕರಣ ಸಾಕ್ಷಿ. 2016ರ ಅಕ್ಟೋಬರ್ 19ರಂದು, ಐಸಿಸಿಯಲ್ಲಿ ಯುದ್ಧಾಪರಾಧದ ವಿಚಾರಣೆ ಎದುರಿಸಿದ್ದ ಕಾಂಗೋದ ನಾಯಕ ಬೆಂಬಾ, ಅವನ ಪ್ರಧಾನ ವಕೀಲ ಸೇರಿ ಐವರೂ ರೋಮ್ ಶಾಸನದ 70ನೇ ವಿಧಿಯಡಿ, ಅಂದರೆ ನ್ಯಾಯದಾನಕ್ಕೆ ಅಡ್ಡಿಪಡಿಸುವ ಅಪರಾಧಗಳ ವಿಧಿಯಡಿ, ಅಪರಾಧಿಗಳಾದರು. 14 ಪ್ರತಿವಾದಿ ಸಾಕ್ಷಿಗಳ ಮೇಲೆ ಪ್ರಭಾವ ಬೀರಿದ್ದು ಆರೋಪ. ಸಂಪರ್ಕ ನಿಲ್ಲಬೇಕಾದ ದಿನಾಂಕ ದಾಟಿದ ಮೇಲೂ ದೂರವಾಣಿಯಲ್ಲಿ ಉತ್ತರ ಹೇಳಿಕೊಟ್ಟಿದ್ದರು. ತಮ್ಮೊಳಗೆ ಅದಕ್ಕೆ 'ಬಣ್ಣ' ಎಂಬರ್ಥದ ಫ್ರೆಂಚ್ ಪದವನ್ನು ಗುಪ್ತಸಂಕೇತವಾಗಿ ಬಳಸುತ್ತಿದ್ದರು. ಪೀಠ ಸುಳ್ಳೆಂದು ಕಂಡದ್ದು ಯುದ್ಧದ ಸಂಗತಿಗಳನ್ನಲ್ಲ: ಹಣ ಸಿಕ್ಕಿತೇ, ವಕೀಲರನ್ನು ಎಷ್ಟು ಸಲ ಭೇಟಿಯಾದಿರಿ, ಯಾರ ಪರಿಚಯವಿದೆ ಎಂಬ ಪಕ್ಕದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು. ಪ್ರಾಮಾಣಿಕ ಸಿದ್ಧತೆಯಲ್ಲೂ ಸಾಕ್ಷಿ 'ವಕೀಲರನ್ನು ಭೇಟಿಯಾದೆ ಎಂದರೆ ತಪ್ಪಾಗುತ್ತದೆಯೇ' ಎಂದು ಕೇಳುವುದುಂಟು. ಉತ್ತರ ಒಂದೇ: ಭೇಟಿಯಾದದ್ದು ನಿಜ, ಕೇಳಿದರೆ ಹಾಗೆಯೇ ಹೇಳಿ.

ಇನ್ನೊಂದು ಕಡೆ, ವಿಡಿಯೊ ಸಹಿತ ಸಿದ್ಧತೆ ಇದ್ದರೂ ಮೇಲೆ ಹೇಳಿದ ಕೀನ್ಯಾದ ಎರಡರಲ್ಲಿ ಒಂದಾದ ರೂಟೊ ಪ್ರಕರಣದಲ್ಲಿ ಹಲವು ಸಾಕ್ಷಿಗಳು ತಿರುಗಿಬಿದ್ದರು ಅಥವಾ ಬರಲೊಪ್ಪಲಿಲ್ಲ. ಅವರಲ್ಲಿ ಐವರ ಹಳೆಯ ಹೇಳಿಕೆಗಳನ್ನೇ ಸಾಕ್ಷ್ಯವಾಗಿ ಸ್ವೀಕರಿಸಿದ ಆದೇಶವನ್ನು 2016ರ ಫೆಬ್ರವರಿ 12ರಂದು ಮೇಲ್ಮನವಿ ಪೀಠ ರದ್ದುಮಾಡಿತು. ಏಪ್ರಿಲ್ 5ರಂದು ಪ್ರಕರಣವೇ ಅಂತ್ಯವಾಯಿತು. ಊರಿನಲ್ಲಿ ಬೆದರಿಕೆ, ಆಮಿಷ ನಡೆಯುತ್ತಿರುವಾಗ ಹೇಗ್‌ನ ಒಂದು ಕೋಣೆಯ ಭೇಟಿ ಮಾಡಬಲ್ಲದ್ದು ಕಡಿಮೆ. ಸಿದ್ಧತೆ ಸಮಸ್ಯೆಯನ್ನು ತೋರಿಸುತ್ತದೆ, ಗುಣಪಡಿಸುವುದಿಲ್ಲ.

ಆದರೂ ತೋರಿಸುವುದೇ ದೊಡ್ಡದು. ಜನವರಿ 28ರ ಮಾತನ್ನು ಆ ಯುವಕ ಜನವರಿ 26ರಂದು, ಕ್ಯಾಮೆರಾ ಓಡುತ್ತಿದ್ದ ಒಂದು ಚಿಕ್ಕ ಕೋಣೆಯಲ್ಲಿ, ವಕೀಲರ ಮುಂದೆ ಹೇಳಿದ್ದಾನೆ ಎಂದುಕೊಳ್ಳೋಣ. ಆಗ ಮಾಡಬೇಕಾದ್ದು: ಪ್ರಶ್ನೆ ನಿಲ್ಲಿಸುವುದು. ಯಾಕೆ ಹಾಗೆ ಹೇಳುತ್ತೀಯ ಎಂದು ಒತ್ತದೆ, ಅವನು ಹೇಳುವುದನ್ನು ಅವನ ಮಾತಿನಲ್ಲೇ, ದುಭಾಷಿಯ ಅನುವಾದದೊಂದಿಗೆ ದಾಖಲಾಗಲು ಬಿಡುವುದು. ಯಾರು ಹೇಳಿಕೊಟ್ಟರು, ಎಲ್ಲಿ, ಎಷ್ಟು ಸಲ ಎಂಬ ಮೂರು ತೆರೆದ ಪ್ರಶ್ನೆಗಳಿಗಿಂತ ಹೆಚ್ಚು ಕೇಳದಿರುವುದು. ಹಳೆಯ ಹೇಳಿಕೆಯನ್ನು ಮತ್ತೆ ಮುಂದಿಟ್ಟು 'ಇಲ್ಲಿ ಹೀಗಿದೆಯಲ್ಲ' ಎನ್ನದಿರುವುದು. ಭಯದ ಸೂಚನೆ ಕಂಡರೆ ಸಾಕ್ಷಿಗಳ ವಿಭಾಗಕ್ಕೆ ಅಂದೇ ತಿಳಿಸುವುದು, ಅವನನ್ನೇ ಸಿಲುಕಿಸುವ ಮಾತು ಬಂದಿದ್ದರೆ ಸ್ವತಂತ್ರ ವಕೀಲರನ್ನು ಕೋರುವುದು. ಆ ಮಧ್ಯವರ್ತಿಯ ಮೂಲಕ ಬಂದ ಉಳಿದ ಸಾಕ್ಷಿಗಳ ಪಟ್ಟಿಯನ್ನು ಅದೇ ಸಂಜೆ ತೆಗೆದು ನೋಡುವುದು. ಆಮೇಲೆ ಟಿಪ್ಪಣಿ ಬರೆದು, ಅವನು ಕಟಕಟೆ ಏರುವ ಮೊದಲೇ, ಲುಬಾಂಗಾನ ವಕೀಲರ ಕೈಗೆ ಕೊಡುವುದು.